ಭರಮಪ್ಪನ ಎರಡು ರೊಟ್ಟಿ

ಶಲವಡಿಯ ಮೈಲಾರವ್ವ ಹಿಟ್ಟು ನಾದುವುದರಲ್ಲಿ ಗಟ್ಟಿ, ಮಾತಿನಲ್ಲಿ ಇನ್ನೂ ಗಟ್ಟಿ. ಗಂಡ ಭರಮಪ್ಪ ತೀರಿಹೋದ ಮೇಲೆ ಖಡಕ್ ರೊಟ್ಟಿ ಬಡಿದೇ ಬದುಕುತ್ತಿದ್ದಳು. ಬುಟ್ಟಿಯಲ್ಲಿ ಎಷ್ಟಿವೆ ಎಂದು ಗೋಡೆಗೆ ತೂಗುಹಾಕಿದ ಪಾಟಿಯ ಮೇಲೆ ಬರೆದಿಡುವಳು. ಹತ್ತು ಬಂದರೆ ಹತ್ತು ಏರಿಸುವಳು, ಹೋದರೆ ಇಳಿಸುವಳು.

ಬಾಜು ಮನೆಯ ಫರಹತ್ ಕಂಪ್ಯೂಟರ್ ಕಲಿತವಳು. ರೊಟ್ಟಿ ಮಾರಲು ಒಂದು ವೆಬ್‌ಸೈಟ್ ಮಾಡಿಕೊಟ್ಟಳು. ಮೈಲಾರವ್ವನ ಮೊಬೈಲಿನಲ್ಲಿ ಎರಡೇ ಗುಂಡಿ: ಬಡಿದದ್ದು, ಮಾರಿದ್ದು. ಉಳಿದದ್ದೆಷ್ಟೆಂದು ಗಿರಾಕಿಗಳಿಗೆ ಪುಟದಲ್ಲಿ ಕಾಣುವುದು. ಆದರೆ ವರ್ಷ ತುಂಬುವಷ್ಟರಲ್ಲಿ ಪುಟ ತೆರೆಯಲು ಒಂದು ರೊಟ್ಟಿ ಬೇಯುವಷ್ಟು ಹೊತ್ತು ಬೇಕಾಯಿತು. ಗಿರಾಕಿಗಳು ಬೇಸತ್ತು ಫೋನ್ ಮಾಡುವರು. ಮೈಲಾರವ್ವ ಪಾಟಿ ನೋಡಿ ಹೇಳುವಳು.

“ಯಾಕ ಬೇ ಹಿಂಗ ತಿರಗತೈತಿ ಇದು?”

“ಯಾರರ ತೆರದ್ರ ಸಾಕ್ರಿ ಕಾಕೂ, ಮೊದಲನೇ ದಿನದಿಂದ ಬಡದದ್ದು, ಮಾರಿದ್ದು ಎಲ್ಲಾ ಎಣಿಸಿ ಹೇಳ್ತೈತಿ.”

“ಹ್ವಾದ ವರ್ಷ ತಿಂದ ರೊಟ್ಟಿ ಈಗ್ಯಾಕ ಎಣಸ್ತೈತಿ? ತಲಿ ಕೆಟ್ಟೈತೇನ ಅದಕ್ಕ? ನನ್ನಂಗ ಒಂದ ಪಾಟಿ ಇಡು.”

ಫರಹತ್ ನಕ್ಕಳು. ಮರುದಿನ ಪುಟದೊಳಗೂ ಒಂದು ಪಾಟಿ ಇಟ್ಟಳು. ಗೋಡೆಯ ಪಾಟಿಯ ಎಣಿಕೆಯಿಂದಲೇ ಶುರು ಮಾಡಿದಳು. ಎಣಿಕೆ ಬರೆದೇ ಇರುತ್ತದೆ, ಗುಂಡಿ ಒತ್ತಿದಾಗ ಮಾತ್ರ ಬದಲಾಗುತ್ತದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುಟ ತೆರೆಯಿತು. ಮೈಲಾರವ್ವ ಗೋಡೆಯ ಪಾಟಿ ತೆಗೆದು ಹಿಟ್ಟಿನ ಡಬ್ಬಿಗೆ ಮುಚ್ಚಿದಳು.

ಅಣ್ಣಿಗೇರಿಯಲ್ಲಿ ಖಾನಾವಳಿ ನಡೆಸುವ ಗುಲಾಮಹುಸೇನ ಪುಟದಲ್ಲಿ ಕಂಡ ಇನ್ನೂರು ರೊಟ್ಟಿಯನ್ನೂ ದಿನಾ ಕೊಳ್ಳತೊಡಗಿದ. ಮೊದಲ ಮೂರು ದಿನವೂ ಎರಡೆರಡು ಕಡಿಮೆ ಬಿದ್ದವು.

“ನಾಳೆನೂ ಕಡಿಮಿ ಬಿದ್ರ ನಾ ಬ್ಯಾರೆ ಕಡೆ ನೋಡ್ತೀನ್ರಿ, ಅಕ್ಕಾರ.”

ಅವನು ಬಿಟ್ಟರೆ ಒಲೆ ಆರಿದಂತೆಯೇ. ಮೈಲಾರವ್ವ ಫರಹತ್‌ಳ ಮೇಲೆ ಹರಿಹಾಯ್ದಳು. “ನಿನ್ನ ಪಾಟಿ ಸುಳ್ಳ ಹೇಳ್ತೈತಿ ನೋಡ!”

ಫರಹತ್ ಮರುದಿನ ಬೆಳಿಗ್ಗೆಯೇ ಬಂದು ಬುಟ್ಟಿಯ ಪಕ್ಕ ಕುಳಿತಳು. ಮಧ್ಯಾಹ್ನ ಮೈಲಾರವ್ವ ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು, ಪುಂಡಿಪಲ್ಯ ಹಚ್ಚಿ, ಭರಮಪ್ಪನ ಫೋಟೋ ಮುಂದಿಟ್ಟಳು.

“ಕಾಕೂ, ಇವು?”

“ಇವೇನ ಮಾರಿದ್ದನ? ಅವರ ಊಟ.”

“ಗ್ವಾಡಿ ಪಾಟಿ ಮ್ಯಾಲೆ ಇವನ್ನ ಇಳಸ್ತಿದ್ರಿಲ್ಲೋ?”

ಮೈಲಾರವ್ವ ಡಬ್ಬಿಯ ಮೇಲಿನ ಪಾಟಿ ನೋಡಿದಳು. ಇಳಿಸುತ್ತಿದ್ದಳು. ದಿನಾ, ಗೊತ್ತಿಲ್ಲದೆಯೇ.

ಫರಹತ್ ಅಲ್ಲೇ ಕುಳಿತು ಮೂರನೆಯ ಗುಂಡಿ ಮಾಡಿದಳು. ಅದರ ಹೆಸರು ‘ಕಾಕಾ’. ಮೈಲಾರವ್ವ ಎರಡು ಸಲ ಒತ್ತಿದಳು. ಸಂಜೆ ಗುಲಾಮಹುಸೇನ ಬಂದು ಎಣಿಸಿದ. ನೂರಾ ತೊಂಬತ್ತೆಂಟು. ಪುಟದಲ್ಲಿಯೂ ಅಷ್ಟೇ.

“ಬರೋಬರ ಅದಾವ್ರಿ. ನಾಳೆನೂ ಬರ್ತೀನಿ.”

ಅವನು ಹೋದ ಮೇಲೆ ಮೈಲಾರವ್ವ ಫೋಟೋದ ಕಡೆ ತಿರುಗಿದಳು.

“ಇದ್ದಾಗೂ ಬುಟ್ಟಿಗೆ ಕೈ ಹಾಕಿ ಹೇಳದ ತಿಂತಿದ್ರಿ. ಇನ್ನ ನಡ್ಯೂದಿಲ್ರಿ. ಗುಂಡಿ ಒತ್ತಿದ ಮ್ಯಾಲೇ ಊಟ.”