ವಕೀಲರು ಕೇಳದೆ ಬಿಟ್ಟ ಪ್ರಶ್ನೆ

ಹೋದ ತಿಂಗಳು ಹುಣಸೂರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹುಳುಕು ಹಲ್ಲಿಗೆ ಅವರು ಲವಂಗದೆಣ್ಣೆಯ ಹತ್ತಿ ಇಟ್ಟ ತಕ್ಷಣ ನನ್ನ ಎರಡೂ ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿದವು. "ನೋವಾಯ್ತಾ?" ಎಂದರು. ನೋವೇನೂ ಆಗಿರಲಿಲ್ಲ. ಆ ವಾಸನೆಗೆ ವಕೀಲರು ನೆನಪಾಗಿದ್ದರು...

ಹಲ್ಲುನೋವಿಗೋ ಚಟಕ್ಕೋ, ಅವರ ದವಡೆಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅವರ ಆಫೀಸು. ಜಮೀನಿನ ವ್ಯಾಜ್ಯ ಹಿಡಿದುಕೊಂಡು ಹೋದರೆ ಬೇರೆಯವರ ಹತ್ತಿರ ಕಳಿಸುತ್ತಿದ್ದರು. ಪೊಲೀಸರು ಹಿಡಿದುಕೊಂಡು ಹೋದವರ ಪರ ನಿಲ್ಲುವುದೊಂದೇ ಅವರ ಕೆಲಸ. ಎಚ್.ಡಿ. ಕೋಟೆ ಕಡೆಯಿಂದ ಕಾಡಿನ ಕೇಸುಗಳು, ಕೆ.ಆರ್. ನಗರದ ಕಡೆಯಿಂದ ನಾಲೆ ನೀರಿಗೆ ತಲೆ ಒಡೆದುಕೊಂಡ ಕೇಸುಗಳು ಬರುತ್ತಿದ್ದವು. ಬೆಳಗಾದರೆ ಯಾರದೋ ಹೆಂಡತಿ, ಯಾರದೋ ತಾಯಿ ಅವರ ಜಗಲಿಯ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಕೂತಿರುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅವರನ್ನು 'ಕಳ್ಳರ ವಕೀಲ' ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದವನು.

ಆಗ ನನಗೆ ಇಪ್ಪತ್ತಾರು ವರ್ಷ. ಡಿಗ್ರಿ ಅರ್ಧಕ್ಕೆ ಬಿಟ್ಟು, ರಾವಂದೂರಿನ ಹತ್ತಿರ ಸೋದರಮಾವನ ಹೊಗೆಸೊಪ್ಪಿನ ಬ್ಯಾರನ್ ನೋಡಿಕೊಳ್ಳುತ್ತಿದ್ದೆ. ಹಸಿ ಸೊಪ್ಪನ್ನು ಕಡ್ಡಿಗೆ ಪೋಣಿಸಿ ಒಳಗೆ ನೇತುಹಾಕಿ, ಕೆಳಗೆ ತಗಡಿನ ಕೊಳವೆಗಳಲ್ಲಿ ಬಿಸಿ ಹರಿಸಿ ಒಣಗಿಸುವ ಮನೆ ಅದು. ಒಲೆಗೆ ಸೌದೆ ಹಾಕುವುದು, ಶಾಖ ನೋಡುವುದು ನನ್ನ ಪಾಲಿನ ಕೆಲಸ. ಮಾವ ತನ್ನ ಮಗಳನ್ನು ನನಗೇ ಕೊಡುವುದೆಂದು ಮಾತಾಗಿತ್ತು.

ಕೊಳವೆ ರಿಪೇರಿಗೆ ಹುಣಸೂರಿನಿಂದ ತಗಡಿನ ಕೆಲಸದ ಭಾಯ್ ಬರುತ್ತಿದ್ದರು. ಆ ವರ್ಷ ಅವರು ಕೊಳವೆಯನ್ನು ತಟ್ಟಿ ನೋಡಿ, "ಇದು ತುಕ್ಕು ತಿಂದು ತೂತು ಬಿದ್ದದೆ ಗೌಡ್ರೇ. ಹಿಂಗೇ ಉರಿ ಹಾಕುದ್ರೆ ಬೆಂಕಿ ಬೀಳ್ತದೆ" ಎಂದರು. ಕಟಾವಿನ ಹೊತ್ತಿನಲ್ಲಿ ಬ್ಯಾರನ್ ನಿಲ್ಲಿಸುವುದು ಮಾವನಿಗೆ ಬೇಕಿರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಸೊಪ್ಪು ಪೋಣಿಸುವ ಹೆಂಗಸರ ಮುಂದೆಯೇ ಮಾವ ಅವರ ಕಪಾಳಕ್ಕೆ ಹೊಡೆದರು. ಭಾಯ್ ಸಾಮಾನು ಚೀಲ ಎತ್ತಿಕೊಂಡು, ತಿರುಗಿಯೂ ನೋಡದೆ ಹೊರಟುಹೋದರು.

ಮೂರನೆಯ ದಿನ ಮಧ್ಯಾಹ್ನ ಬ್ಯಾರನ್ ಹೊತ್ತಿಕೊಂಡಿತು. ಒಲೆಗೆ ಒಂದೇ ಸಲಕ್ಕೆ ಸೌದೆ ತುಂಬಿ, ನಾನು ಹೊಂಗೆಮರದ ಕೆಳಗೆ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಾ ಕೂತಿದ್ದೆ. ಹೆಂಗಸರು ಕೂಗಿಕೊಂಡಾಗ ತಲೆ ಎತ್ತಿದರೆ ಹೆಂಚಿನ ಸಂದಿಯಿಂದ ಜ್ವಾಲೆ ಹೊರಬರುತ್ತಿತ್ತು. ಸಂಜೆಯ ಹೊತ್ತಿಗೆ ಗೋಡೆ ಮಾತ್ರ ಉಳಿದಿತ್ತು.

"ನೀನು ಕೇಳುಸ್ಕಂಡಿದ್ಯಲ್ಲಾ, ಏನಂದ ಅವ್ನು?" ಎಂದು ಮಾವ ಕೇಳಿದರು. ಅವರ ಕಣ್ಣು ನನ್ನ ಮೇಲೇ ಇತ್ತು. ನೀನೆಲ್ಲಿದ್ದೆ ಎಂದು ಮುಂದೆ ಕೇಳುತ್ತಾರೆಂದು ನನಗೆ ಹೆದರಿಕೆಯಾಯಿತು.

"ಬೆಂಕಿ ಇಕ್ತೀನಿ ಅಂದ ಮಾವ."

ಬೀಳ್ತದೆ ಎಂದಿದ್ದನ್ನು ಇಕ್ತೀನಿ ಮಾಡಿದೆ, ಅಷ್ಟೆ. ಸ್ಟೇಷನ್ನಿನಲ್ಲಿ ಇನ್ನೊಂದೂ ಸೇರಿಸಿದೆ... ಬೆಂಕಿ ಬಿದ್ದ ದಿನ ಭಾಯ್ ಬ್ಯಾರನ್ನಿನ ಹಿಂದೆ ಓಡಾಡಿದ್ದನ್ನು ಕಂಡೆ ಎಂದೆ. ನಾಲ್ಕು ತಿಂಗಳು ಅವರು ಜೈಲಿನಲ್ಲಿದ್ದರು. ವಕೀಲರು ಜಾಮೀನು ಕೊಡಿಸುವಷ್ಟರಲ್ಲಿ ಭಾಯ್ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದಿತ್ತು.

ಸಾಕ್ಷಿ ಹೇಳುವ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಮಾವ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಕಲಿತ ಪಾಠ ಒಪ್ಪಿಸಿದೆ. ಆಮೇಲೆ ಪಾಟಿ ಸವಾಲಿಗೆ ಭಾಯ್ ಪರ ವಕೀಲರು ಎದ್ದು ಬಂದರು. ಜೋರು ಮಾಡುತ್ತಾರೆ, ಮೇಜು ಗುದ್ದುತ್ತಾರೆ ಎಂದುಕೊಂಡಿದ್ದೆ. ಅವರು ಮನೆಗೆ ಬಂದ ನೆಂಟನನ್ನು ಮಾತಾಡಿಸುವಂತೆ, ಮೆಲ್ಲಗೆ ಕೇಳಿದರು.

"ಬೆಂಕಿ ಮಾತಿಗೆ ಮುಂಚೆ ಅವರು ಕೊಳವೆ ವಿಷಯ ಏನಾದರೂ ಹೇಳಿದ್ರಾ?"

ಹೆಂಗಸರೂ ಕೇಳಿಸಿಕೊಂಡಿದ್ದರು. ಇಲ್ಲ ಎನ್ನಲಾಗಲಿಲ್ಲ. "ತೂತು ಬಿದ್ದದೆ ಅಂದ್ರು."

"ಆ ಕೊಳವೆ ಬದಲಾಯಿಸಿದ್ರಾ?"

"ಇಲ್ಲ."

"ಬೆಂಕಿ ಬಿದ್ದಾಗ ನೀವು ಎಲ್ಲಿದ್ರಿ?"

"ಹೊಂಗೆಮರದ ಕೆಳಗೆ."

"ಅಲ್ಲಿಂದ ಬ್ಯಾರನ್ನಿನ ಹಿಂಭಾಗ ಕಾಣ್ತದಾ?"

"...ಕಾಣಲ್ಲ."

ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಮರದ ಕೆಳಗೆ ಏನು ಮಾಡುತ್ತಿದ್ದೆ? ಅವರು ಒಮ್ಮೆ ಮಾವನ ಕಡೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಕಟಕಟೆಯ ಹತ್ತಿರವೇ ನಿಂತಿದ್ದರು. ಲವಂಗದ ವಾಸನೆ ಮೂಗಿಗೆ ಬಡಿಯುತ್ತಿತ್ತು. "ಇಷ್ಟೇ ಸ್ವಾಮಿ" ಎಂದು ಜಡ್ಜರಿಗೆ ಹೇಳಿ ಕೂತುಬಿಟ್ಟರು.

ಭಾಯ್ ಬಿಡುಗಡೆಯಾದರು. ಅದಾಗಿ ವಾರದೊಳಗೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ವಕೀಲರೇ ನನ್ನ ಪಕ್ಕಕ್ಕೆ ಬಂದು ನಿಂತರು. "ನೀನು ಮೊಬೈಲ್ ನೋಡ್ತಿದ್ದಿದ್ದು ಹೆಂಗಸರು ಹೇಳಿದ್ರು ಕಣಪ್ಪ. ನನ್ನ ಕಕ್ಷಿದಾರನ್ನ ಬಿಡಿಸೋಕೆ ಅದು ಬೇಕಾಗಿರಲಿಲ್ಲ, ಕೇಳಲಿಲ್ಲ. ಆದ್ರೆ ನೀನು ಒಂದ್ಸಲ ಹೋಗಿ ಭಾಯ್ ಮುಂದೆ ಹೇಳ್ಬುಡು." ನಾನು ತಲೆ ಆಡಿಸಿದೆ. ಬಸ್ಸು ಬಂತು, ಹತ್ತಿದೆ.

ಹೋಗಲಿಲ್ಲ. ಮದುವೆಯಾಯಿತು. ಮಾವನ ಸಹಾಯದಿಂದ ಹುಣಸೂರಿನಲ್ಲೇ ಗೊಬ್ಬರದಂಗಡಿ ಇಟ್ಟೆ. ಬಿಡುಗಡೆಯಾದರೂ ಭಾಯ್ ಅವರನ್ನು ಯಾವ ಬ್ಯಾರನ್ನಿನವರೂ ಕೆಲಸಕ್ಕೆ ಕರೆಯಲಿಲ್ಲ. ಅವರು ಸಂಸಾರ ಕಟ್ಟಿಕೊಂಡು ಕುಶಾಲನಗರಕ್ಕೆ ಹೋದರೆಂದು ಯಾರೋ ಹೇಳಿದರು. ವಕೀಲರ ಸ್ಕೂಟರ್ ದೂರದಲ್ಲಿ ಕಂಡರೆ ನಾನು ಗೊಬ್ಬರದ ಮೂಟೆಗಳ ಹಿಂದೆ ಸರಿಯುತ್ತಿದ್ದೆ. ಒಂದು ದಿನ ಅವರು ಗುಲಾಬಿ ಗಿಡಕ್ಕೆ ಗೊಬ್ಬರ ಕೇಳಿಕೊಂಡು ಅಂಗಡಿಗೇ ಬಂದರು.

"ಹೋಗಿದ್ಯಾ?"

"ಇಲ್ಲ ಸಾರ್."

ಬೈಯಲಿಲ್ಲ. ಪೊಟ್ಟಣ ತೆಗೆದುಕೊಂಡು, ಮೆಟ್ಟಿಲು ಇಳಿಯುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಇಳಿದರು. ಆಗಲೇ ಕಾಯಿಲೆಯಿತ್ತಂತೆ. ಮುಂದಿನ ಬೇಸಿಗೆ ದಾಟಲಿಲ್ಲ. ಅವರನ್ನು ಮಣ್ಣು ಮಾಡಿದ ದಿನ ಅಂಗಡಿ ಬಾಗಿಲು ಹಾಕಿದೆನೇ ಹೊರತು ಅಲ್ಲಿಗೆ ಹೋಗುವ ಮುಖ ನನಗಿರಲಿಲ್ಲ.

ಹಲ್ಲು ತೋರಿಸಿಕೊಂಡು ಬಂದ ಎರಡು ದಿನಕ್ಕೆ ಕುಶಾಲನಗರದ ಬಸ್ಸು ಹತ್ತಿದೆ. ಪಿರಿಯಾಪಟ್ಟಣದಲ್ಲಿ ಇಳಿದು ವಾಪಸ್ ಹೋಗಿಬಿಡಲೇ ಎಂದು ಎದ್ದೂ ನಿಂತಿದ್ದೆ. ಕುಶಾಲನಗರದಲ್ಲಿ ವಿಚಾರಿಸಿಕೊಂಡು ಹೋದಾಗ ಭಾಯ್ ಸಣ್ಣ ಶೆಡ್ಡಿನಲ್ಲಿ ನೀರಿನ ಹಂಡೆಗೆ ತಳ ಕೂರಿಸುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹೆಸರು ಹೇಳುವ ಮೊದಲೇ ಗುರುತು ಹಿಡಿದರು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮಾತು ತಿರುಚಿದ್ದು, ಕಾಣದ್ದನ್ನು ಕಂಡೆ ಎಂದಿದ್ದು, ಕ್ರಿಕೆಟ್ಟು...

ಅವರು ಸುತ್ತಿಗೆ ಕೆಳಗಿಟ್ಟರು. "ವಕೀಲ್ ಸಾಬ್ ಹೇಳಿದ್ರು. ಆ ಹುಡುಗ ಕೆಟ್ಟವನಲ್ಲ, ಒಂದಿನ ಬಂದೇ ಬತ್ತಾನೆ ಅಂತ. ಬಾಳ ದಿವ್ಸ ಬಾಗ್ಲು ಕಡೆ ನೋಡ್ತಿದ್ದೆ. ಆಮೇಲೆ ಬುಟ್ಬುಟ್ಟೆ."

ಕ್ಷಮಿಸಿದೆ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮತ್ತೆ ಸುತ್ತಿಗೆ ಎತ್ತಿಕೊಂಡರು. ನಾನು ಕಳ್ಳರ ವಕೀಲ ಎಂದು ಕರೆದವರು ನನ್ನ ಪರವಾಗಿ ಭಾಯ್‌ಗೆ ಮಾತು ಕೊಟ್ಟಿದ್ದರು. ಗೊಬ್ಬರದ ನೆಪದಲ್ಲಿ ಅಂಗಡಿಗೆ ಬಂದು ಕೇಳಿದ್ದೂ ಅದನ್ನೇ. ಹೇಳಿದೆ ಸಾರ್ ಎನ್ನೋಣವೆಂದರೆ ಅವರಿಲ್ಲ.

ಮಾವನೂ ಈಗಿಲ್ಲ. ತನ್ನ ಅಪ್ಪನ ಬ್ಯಾರನ್ ಸುಟ್ಟವರು ಆ ಭಾಯ್ ಎಂದೇ ನನ್ನ ಹೆಂಡತಿ ಇವತ್ತಿಗೂ ನಂಬಿದ್ದಾಳೆ. ಅಡುಗೆಮನೆಯಲ್ಲಿ ಅವಳು ಪಾತ್ರೆ ಜೋಡಿಸುತ್ತಿರುವ ಸದ್ದು ಕೇಳುತ್ತಿದೆ. ಇಷ್ಟನ್ನೂ ಬರೆದಿಟ್ಟ ಈ ಹಾಳೆಗಳನ್ನು ಅವಳ ಕೈಗೆ ಕೊಡಲು ಎದ್ದಿದ್ದೇನೆ.