ಚೂಡಾಮಣಿ ಮಿಸ್ ಮನೆಯ ಪಾನಕ

ಎಪ್ಪತ್ತರ ದಶಕದ ಕೊನೆ. ಜಯನಗರದ ಬೀದಿಗಳಲ್ಲಿ ಆಗ ಸೈಕಲ್ಲುಗಳದ್ದೇ ರಾಜ್ಯ. ಚೂಡಾಮಣಿ ಮಿಸ್ ತಮ್ಮ ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ನಮಗೆ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದರು. ಒಂದು ಕಣ್ಣು ಚಾಪೆ ಮೇಲಿನ ನಮ್ಮತ್ತ, ಇನ್ನೊಂದು ಕುಕ್ಕರಿನತ್ತ. ಬಿ.ಎಸ್ಸಿ. ಎರಡನೇ ವರ್ಷದಲ್ಲೇ ಅವರಿಗೆ ಮದುವೆ ಮಾಡಿ ಕಾಲೇಜು ಬಿಡಿಸಿದ್ದರು. ಅತ್ತೆ ನಾಗಲಕ್ಷ್ಮಮ್ಮನವರು ಅದನ್ನೇ ಹೆಮ್ಮೆಯಿಂದ ಹೇಳುವರು: "ಓದೋ ಹುಡುಗೀನ ಎಬ್ಬಿಸ್ಕೊಂಡು ಬಂದ್ವಿ!" ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಉರಿಯದೆ ಏನು? ಪಿಯುಸಿ ಕೆಮಿಸ್ಟ್ರಿಯಲ್ಲಿ ನಾನು ಎರಡು ಸಲ ಡುಮ್ಕಿ ಹೊಡೆದಿದ್ದೆ. "ಪಂಕಜಾ, ಇದೇ ಕೊನೆ. ಈ ಸಲಾನೂ ಹೋಯ್ತು ಅಂದ್ರೆ ಮದುವೆ," ಎಂದು ಅಪ್ಪ ಹೇಳಿಯಾಗಿತ್ತು. ದ್ರಾವಣದ ಸಾಂದ್ರತೆ ಎಂಬ ಆ ಹಾಳು ಪಾಠ ತಲೆಗೆ ಹತ್ತುತ್ತಲೇ ಇರಲಿಲ್ಲ.

ಪರೀಕ್ಷೆಗೆ ಮುಂಚೆ ರಾಮನವಮಿ ಬಂತು. ಮಿಸ್ ಪಾನಕದ ಕೆಲಸ ನನಗೆ ಒಪ್ಪಿಸಿದರು. ಹಿತ್ತಾಳೆ ಕೊಳಗದ ಅಂಚಿನಲ್ಲೊಂದು ಗೆರೆ, ಅಲ್ಲಿಯವರೆಗೆ ಪಾನಕವಾಗಬೇಕು. ನಾನು ಮಹಾ ಜಾಣೆ! ಗೆರೆಯವರೆಗೂ ನೀರು ತುಂಬಿ, ಆಮೇಲೆ ಕುಟ್ಟಿದ ಬೆಲ್ಲವನ್ನೆಲ್ಲ ಸುರಿದೆ. ನೀರು ಉಕ್ಕಿ, ದೇವರ ಮುಂದಿನ ರಂಗೋಲಿ ತೊಳೆದುಹೋಯಿತು. ನಾಗಲಕ್ಷ್ಮಮ್ಮನವರು ನನಗೆ ಸಹಸ್ರನಾಮ ಶುರು ಮಾಡಿದರು. ಮಿಸ್ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪರೀಕ್ಷೇಲೂ ಹಿಂಗೇ ತಾನೇ ಬರ್ದಿದ್ದು? ಒಂದು ಲೀಟರ್ ನೀರಿಗೆ ಉಪ್ಪು ಹಾಕೋದಲ್ಲ ಕಣೇ. ಮೊದ್ಲು ಸ್ವಲ್ಪ ನೀರಲ್ಲಿ ಉಪ್ಪು ಕರಗ್ಸು. ಆಮೇಲೆ ಎಲ್ಲಾ ಸೇರಿ ಒಂದು ಲೀಟರ್ ಆಗೋವರ್ಗೂ ನೀರು ಹಾಕು."

ಸಂಜೆ ಜನ ಹೆಚ್ಚಾದರು. ಅರ್ಧ ಖಾಲಿಯಾದ ಕೊಳಗಕ್ಕೆ ಮಿಸ್ ನೀರು ಸುರಿದು, ನನ್ನ ಕೈಗೊಂದು ಲೋಟ ಕೊಟ್ಟರು.

"ಬೆಲ್ಲ ಒಂಚೂರೂ ತೆಗ್ದಿಲ್ಲ. ಮತ್ತೆ ಸಪ್ಪೆ ಯಾಕಾಯ್ತು?"

"ನೀರು ಜಾಸ್ತಿ ಆಯ್ತು ಮಿಸ್. ಇದ್ದ ಬೆಲ್ಲಾನೇ ಜಾಸ್ತಿ ಲೋಟಕ್ಕೆ ಹಂಚಿಹೋಯ್ತು."

"ಅದೇ ಸಾಂದ್ರತೆ. ಮುಗೀತು ಪಾಠ."

ಪಾಸಾದೆ! ಅಪ್ಪ ಬಿ.ಎಸ್ಸಿ.ಗೆ ಒಪ್ಪಿದರು. ಓಡಿಹೋಗಿ ಹೇಳಿದಾಗ ಮಿಸ್ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದ್ದು ಒಂದೇ: "ಕೊನೇ ವರ್ಷದ ಲ್ಯಾಬ್ ಹೆಂಗಿರತ್ತೆ ಅಂತ ನೋಡಿ, ಬಂದು ನಂಗೆ ಹೇಳ್ತೀಯಾ?"

ಆ ವರ್ಷ ಬಂತು. ಮೊದಲ ಲ್ಯಾಬ್ ಮುಗಿಸಿ ಕಾಲೇಜಿನಿಂದ ನೇರ ಅವರ ಮನೆಗೇ ಹೋದೆ. ಮಿಸ್ ನನ್ನನ್ನು ಮಣೆಯ ಮೇಲೆ ಕೂರಿಸಿ, ತಾವು ಚಾಪೆಯ ಮೇಲೆ ಕೂತರು. ಬ್ಯೂರೆಟ್ಟು, ತಕ್ಕಡಿ, ಗಾಜಿನ ಬೀರು, ಎಲ್ಲವನ್ನೂ ಹೇಳುತ್ತಾ ಹೋದೆ. ಒಳಗೆ ಕುಕ್ಕರ್ ಕೂಗಿತು, ಮತ್ತೆ ಕೂಗಿತು. ಮಿಸ್ ಏಳಲಿಲ್ಲ.