ಬೆಳಗಾಗುವವರೆಗೆ ನಿಲ್ಲದ ಬ್ರೇಕರು

ಶಶಿರೇಖಾ ಮನೆಗಳಿಗೆ ವೈರಿಂಗ್ ಮಾಡುತ್ತಾಳೆ. ತವರು ಮಳವಳ್ಳಿ ಕಡೆಯ ಹಳ್ಳಿ, ಈಗಿನ ವಾಸ ಮದ್ದೂರು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಗತಿಗೆ ಸೇರಿದಾಗ ಅಲ್ಲಿದ್ದವರೆಲ್ಲ ಹುಡುಗರೇ. ಮುಗಿಸಿದ ಮೇಲೆ ಕೆಲವು ವರ್ಷ ಒಂದು ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದಳು. ವೈರ್‌ಮನ್ ಪರವಾನಗಿ ಕೈಗೆ ಬಂದ ಮೇಲೆ ಸ್ವಂತವಾಗಿ ಕೆಲಸ ಹಿಡಿದಳು. ಉಪಕರಣದ ಚೀಲ ಸ್ಕೂಟರಿನಲ್ಲಿ ಹಿಡಿಯುತ್ತದೆ, ಏಣಿ ಹಿಡಿಯುವುದಿಲ್ಲ. ಏಣಿಯನ್ನು ಮನೆಯವರೇ ಒದಗಿಸಬೇಕು ಎನ್ನುವುದು ಅವಳ ಮೊದಲ ಷರತ್ತು.

ಎರಡನೆಯ ಷರತ್ತಿನಿಂದ ಕೆಲವು ಕೆಲಸಗಳು ಕೈತಪ್ಪಿವೆ. ಅವಳು ಕೂರಿಸುವ ಬೋರ್ಡಿನಲ್ಲಿ ಎಂಸಿಬಿಗಳ ಜೊತೆಗೆ ಆರ್‌ಸಿಸಿಬಿ ಎಂಬ ಇನ್ನೊಂದು ಬ್ರೇಕರು ಇರಲೇಬೇಕು. ಎಂಸಿಬಿ ಕಾಯುವುದು ತಂತಿಯನ್ನು. ತಂತಿ ತಡೆಯಲಾರದಷ್ಟು ಕರೆಂಟು ಹರಿದರೆ ಅದು ಬೀಳುತ್ತದೆ, ಅಂದರೆ ತಾನೇ ಆಫ್ ಆಗುತ್ತದೆ. ಮನುಷ್ಯನನ್ನು ಕೊಲ್ಲಲು ಅಷ್ಟೆಲ್ಲ ಕರೆಂಟು ಬೇಕಿಲ್ಲ. ಆರ್‌ಸಿಸಿಬಿ ನೋಡುವುದೇ ಬೇರೆ: ಫೇಸ್ ತಂತಿಯಲ್ಲಿ ಹೊರಟದ್ದು ನ್ಯೂಟ್ರಲ್ ತಂತಿಯಲ್ಲಿ ಅಷ್ಟೇ ವಾಪಸು ಬಂದಿತೇ ಎಂದು. ಮೂವತ್ತು ಮಿಲಿಆಂಪಿಯರ್‌ನಷ್ಟು ಕಡಿಮೆಯಾದರೂ ಸಾಕು, ಕಣ್ಣು ಮಿಟುಕಿಸುವುದರೊಳಗೆ ಇಡೀ ಮನೆಯ ಕರೆಂಟು ಕಡಿದುಹಾಕುತ್ತದೆ. ಶಶಿರೇಖಾಳ ತಾಯಿ ಪಟ್ಟಲಮ್ಮ ಒಮ್ಮೆ ಬಟ್ಟೆ ಒಣಹಾಕುವ ತಂತಿ ಮುಟ್ಟಿ ಬಿದ್ದಿದ್ದರು. ಬದುಕಿಕೊಂಡರು, ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಈ ಷರತ್ತಿನಲ್ಲಿ ಶಶಿರೇಖಾ ಚೌಕಾಸಿಗೆ ಇಳಿಯುವುದಿಲ್ಲ.

ಹನಕೆರೆಯ ಯಶೋದಮ್ಮನ ಮನೆಯಲ್ಲಿ ಹಳೆಯ ಬೋರ್ಡು ಕಿತ್ತು ಹೊಸದು ಕೂರಿಸಿದ್ದು ಅವಳೇ. ಯಶೋದಮ್ಮ ಮಂಡ್ಯದ ಒಂದು ಹೋಟೆಲಿಗೆ ಉದ್ದಿನ ವಡೆಯ ಹಿಟ್ಟು ರುಬ್ಬಿಕೊಡುತ್ತಾರೆ. ಕತ್ತಲಿರುವಾಗಲೇ ರುಬ್ಬಿದರೆ ಬೆಳಗಿನ ರೈಲಿಗೆ ಹಿಟ್ಟು ಹೋಗುತ್ತದೆ. ಹೊಸ ಬೋರ್ಡು ಬಂದಾಗಿನಿಂದ ದಿನವೂ ಆ ಹೊತ್ತಿಗೆ ಸರಿಯಾಗಿ ಆರ್‌ಸಿಸಿಬಿ ಬೀಳತೊಡಗಿತು. ಮತ್ತೆ ಎತ್ತಿದರೂ ಬೆಳಗಾಗುವವರೆಗೆ ನಿಲ್ಲುತ್ತಿರಲಿಲ್ಲ. ಶಶಿರೇಖಾ ಗ್ರೈಂಡರನ್ನೇ ಅನುಮಾನಿಸಿ, ಮದ್ದೂರಿಗೆ ಒಯ್ದು, ಮೋಟಾರು ಬಿಚ್ಚಿ ಒಣಗಿಸಿ ತಂದುಕೊಟ್ಟಳು. ಮಾರನೆಯ ದಿನವೂ ಬಿತ್ತು.

ಯಶೋದಮ್ಮ ಫೋನು ಮಾಡಿದರು.

"ನೆನೆಸಿದ್ ಉದ್ದು ಅಂಗೇ ಕುಂತದೆ ಕಣವ್ವ, ರೈಲು ಒಂಟೋಯ್ತು. ಇನ್ನೊಂದ್ ದಪ ಇಂಗಾದ್ರೆ ಬ್ಯಾಡವೇ ಬ್ಯಾಡ ಅಂದವ್ನೆ ಹೋಟ್ಲೋನು. ಸಾಯಂಕಾಲ ಸಿದ್ದೇಶ ಬತ್ತಾನೆ. ನಿನ್ ಬ್ರೇಕರ್ ಬುಟ್ಟು ಕರೆಂಟ್ನ ನೇರ ಕೊಟ್ಬುಡ್ತೀನಿ ಅಂದವ್ನೆ."

ಸಿದ್ದೇಶ ಅದೇ ಊರಿನ ಪಂಪ್‌ಸೆಟ್ ರಿಪೇರಿಯವನು.

"ಅವನ್ಗಿಂತ ಮುಂಚೆ ನಾನೇ ಬತ್ತೀನಿ ಕಣಮ್ಮ, ಅಲ್ಲೀಗಂಟ ಯಾರೂ ಮುಟ್ಬ್ಯಾಡಿ" ಎಂದು ಶಶಿರೇಖಾ ಸ್ಕೂಟರು ಹತ್ತಿದಳು. ಬೋರ್ಡು ಕೂರಿಸಿದವಳು ತಾನು. ಸಂಜೆಯೊಳಗೆ ತಪ್ಪು ಎಲ್ಲಿದೆಯೆಂದು ತೋರಿಸದಿದ್ದರೆ ಆ ಮನೆಯನ್ನು ಕಾಯುವ ಬ್ರೇಕರು ಇರುವುದಿಲ್ಲ.

ಯಶೋದಮ್ಮನ ಗಂಡ ಜಯಪ್ರಕಾಶ್ ಜಗಲಿಯಲ್ಲೇ ಕೂತಿದ್ದರು. "ಅದುಕ್ಕೆ ಚಳಿ ಆಯ್ತದೆ ಕಣವ್ವ. ಬಿಸ್ಲು ಬಿದ್ದೇಟ್ಗೆ ಸರೋಗ್ತದೆ. ಒಂದ್ ಕಂಬ್ಳಿ ಒದ್ಸು."

"ನಿಮ್ಗೆ ಒದ್ಸಿರದೇ ಸಾಕು, ಸುಮ್ಕಿರಿ" ಎಂದರು ಯಶೋದಮ್ಮ ಒಳಗಿನಿಂದ.

ಶಶಿರೇಖಾ ಕ್ರಮವಾಗಿ ಹೊರಟಳು. ಎಲ್ಲ ಎಂಸಿಬಿ ಇಳಿಸಿ ಆಫ್ ಮಾಡಿ ಆರ್‌ಸಿಸಿಬಿ ಎತ್ತಿದಳು, ಅದು ಬೀಳದೆ ನಿಂತಿತು. ಎಂಸಿಬಿಗಳನ್ನು ಒಂದೊಂದಾಗಿ ಎತ್ತಿದಳು, ಆಗಲೂ ನಿಂತಿತು. ಆಮೇಲೆ ಮನೆಯೆಲ್ಲ ತಿರುಗಿ ಸ್ವಿಚ್ಚುಗಳನ್ನು ಹಾಕುತ್ತ ಬಂದಳು. ನಮ್ಮಲ್ಲಿ ಸ್ವಿಚ್ಚು ಕೆಳಗೆ ಒತ್ತಿದ್ದರೆ ಆನ್, ಮೇಲಿದ್ದರೆ ಆಫ್. ಮೇಲಿದ್ದವನ್ನೆಲ್ಲ ಕೆಳಗೆ ಒತ್ತಿದಳು. ಕೆಳಗಿದ್ದವನ್ನು ಹಾಗೇ ಬಿಟ್ಟು ಮುಂದೆ ಹೋದಳು. ಗ್ರೈಂಡರೂ ತಿರುಗಿತು. ಏನೂ ಬೀಳಲಿಲ್ಲ.

ಬಾಗಿಲಲ್ಲಿ ಸಿದ್ದೇಶ ಬಂದು ನಿಂತಿದ್ದ. "ಏನ್ ಶಶಕ್ಕ, ಬ್ರೇಕರ್ ಗೆಲ್ತೋ ನೀ ಗೆದ್ಯೋ?"

"ಕುಸ್ತಿ ಇನ್ನೂ ನಡೀತಾ ಅದೆ ಕಣ್ಲಾ. ಕುಂತ್ಕಂಡು ನೋಡು."

ಹಾಗೆಂದಳೇ ಹೊರತು ಅವಳಿಗೆ ಮುಂದಿನ ದಾರಿ ಕಾಣಲಿಲ್ಲ. ಬೋರ್ಡಿನ ಮುಂದೆ ನೆಲದ ಮೇಲೆ ಕೂತಳು. ಬಿಸಿಲು ಬಿದ್ದ ಕೂಡಲೇ ಸರಿಹೋಗುತ್ತದೆ ಎಂದಿದ್ದರಲ್ಲ ಜಯಪ್ರಕಾಶ್! ಬ್ರೇಕರಿಗೆ ಚಳಿಯಾಗುವುದಿಲ್ಲ. ಆದರೆ ಬೆಳಗಾದಾಗ ಮನೆಯಲ್ಲಿ ಏನೋ ಒಂದು ಆರುತ್ತದೆ.

"ಯಶೋದಮ್ಮ, ನೀವು ಗ್ರೈಂಡರ್ ಹಾಕೋ ಹೊತ್ನಲ್ಲಿ ಅಣ್ಣ ಎಲ್ಲಿರ್ತಾರೆ?"

"ಎಲ್ಲಿ, ಕೊಟ್ಗೇಲಿ. ಹಾಲ್ ಕರೀತಾ."

"ಕತ್ಲಲ್ಲೇ?"

"ಕತ್ಲಲ್ಯಾಕೆ, ಬಲ್ಪ್ ಐತಲ್ಲ" ಎಂದರು ಜಯಪ್ರಕಾಶ್. "ನಾನ್ ಕೊಟ್ಗೆಗೋಗಿ ಬಲ್ಪ್ ಹಾಕೇಟ್ಗೆ ಇವಳ ಗ್ರೈಂಡರ್ ಎಲ್ಲಾನೂ ಆರ್ಸಾಕ್ತದೆ. ಮೊಬೈಲ್ ಬೆಳಕಲ್ಲಿ ಕರ್ಕತೀನಿ."

"ಆಮೇಲೆ ಆ ಬಲ್ಪಿನ ಸ್ವಿಚ್ಚು?"

"ಡೈರಿಗೋಗೋವಾಗ ಹಿತ್ಲ ಬಾಗ್ಲತ್ರ ಆಫ್ ಮಾಡ್ತೀನಿ. ಉರೀತಿರ್ಲಿ ಬುಡ್ಲಿ, ಅಭ್ಯಾಸ."

ಕೊಟ್ಟಿಗೆಯಲ್ಲಿ ಹಾಕಿ ಹಿತ್ತಿಲ ಬಾಗಿಲಲ್ಲಿ ಆರಿಸುವುದೆಂದರೆ ಅದು ಟೂ-ವೇ ಸ್ವಿಚ್ಚು, ಮಹಡಿ ಮೆಟ್ಟಿಲಿಗೆ ಹಾಕುತ್ತಾರಲ್ಲ, ಅಂಥದ್ದು. ಒಂದು ದೀಪಕ್ಕೆ ಎರಡು ಕಡೆ ಸ್ವಿಚ್ಚು. ಅದರಲ್ಲಿ ಕೆಳಗೆ ಎಂದರೆ ಆನ್ ಎಂಬ ನಿಯಮವಿಲ್ಲ. ಇದು ಕೆಳಗಿದ್ದರೂ ಅತ್ತ ಕಡೆಯದನ್ನು ಯಾರಾದರೂ ಒತ್ತಿದ್ದರೆ ದೀಪ ಆರಿರುತ್ತದೆ. ಹಿತ್ತಿಲ ಬಾಗಿಲಿನ ಸ್ವಿಚ್ಚು ಕೆಳಗಿತ್ತು. ಆನ್ ಇದೆಯೆಂದುಕೊಂಡು ಶಶಿರೇಖಾ ದಾಟಿ ಬಂದಿದ್ದಳು.

ಈಗ ಹೋಗಿ ಅದನ್ನು ಮೇಲಕ್ಕೆ ಎತ್ತಿದಳು. ಬೋರ್ಡಿನಲ್ಲಿ ಟಪ್ ಎಂದಿತು. ಫ್ಯಾನು ನಿಧಾನವಾಗಿ ನಿಂತಿತು.

"ನಾನೇನೂ ಮುಟ್ನಿಲ್ಲ!" ಎಂದರು ಜಯಪ್ರಕಾಶ್.

"ಮುಟ್ದೆ ಬಂದೋಳು ನಾನು ಕಣಣ್ಣ. ಆಗ್ಲೇ ಮುಟ್ಬೇಕಿತ್ತು."

ಮೇನ್ ಇಳಿಸಿ ಕೊಟ್ಟಿಗೆಗೆ ಹೋದಳು. ಬೋರ್ಡು ಬದಲಿಸುವಾಗ, ಕೊಟ್ಟಿಗೆ ಲೈನು ತಾನೇ ಎಳೆದದ್ದು, ಚೆನ್ನಾಗಿದೆ ಎಂದು ಜಯಪ್ರಕಾಶ್ ಮುಟ್ಟಗೊಟ್ಟಿರಲಿಲ್ಲ. ಬಲ್ಬಿನ ಹೋಲ್ಡರಿನಿಂದ ಎರಡು ತಂತಿ ಹೊರಟಿದ್ದವು. ಒಂದು ಸ್ವಿಚ್ಚಿಗೆ. ಇನ್ನೊಂದು ಗೋಡೆಗುಂಟ ಇಳಿದು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿಕೊಂಡಿತ್ತು. ನ್ಯೂಟ್ರಲ್ ತಂತಿಯೇ ಇರಲಿಲ್ಲ.

ಜಯಪ್ರಕಾಶ್‌ಗೆ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. "ಕಂಬದಲ್ಲಿ ನ್ಯೂಟ್ರಲ್ ಸಡ್ಲಾದಾಗೆಲ್ಲ ಬಲ್ಪು ಮಿಣಿಮಿಣಿ ಅಂತಿತ್ತು. ಬೀದಿಯೋರೆಲ್ಲ ಪೈಪಿಗೆ ಕೊಟ್ಕಂಡು ಉರುಸ್ತಿದ್ರು. ನಾನೂ ಕೊಟ್ಟೆ. ಎಷ್ಟ್ ಚೆಂದಾಗ್ ಉರೀತಿತ್ತು ಗೊತ್ತಾ!"

"ನಮ್ಮನೇಲೂ ಇಂಗೇ ಅದೆ" ಎಂದ ಸಿದ್ದೇಶ.

"ಬಲ್ಪಿಗೆ ಓದ್ ಕರೆಂಟು ಬೋರ್ಡಿಗೆ ವಾಪಸ್ ಬರ್ತಾನೇ ಇಲ್ಲ ಕಣಣ್ಣ. ಪೈಪಿಂದ ಮಣ್ಣಿಗ್ ಓಯ್ತಾ ಅದೆ. ಪೈಪಿಂದ ಓಯ್ತೋ ಮನ್ಷನ್ ಮೈಯಿಂದ ಓಯ್ತೋ, ಬ್ರೇಕರ್ಗೆ ಏನ್ ಗೊತ್ತಾಯ್ತದೆ? ಬೀಳ್ತದೆ. ಮಣ್ಣು ಹಸಿ ಇರೋಗಂಟ ಪರವಾಗಿಲ್ಲ. ಒಣಗುದ್ರೆ ಕರೆಂಟ್ಗೆ ಇಳಿಯಕ್ಕೆ ದಾರಿ ಇಲ್ಲ, ಪೈಪಲ್ಲೇ ನಿಂತ್ಕತದೆ."

ಯಶೋದಮ್ಮ ನಲ್ಲಿಯನ್ನೇ ನೋಡುತ್ತಿದ್ದರು. "ಹೋದ್ ಬೇಸ್ಗೇಲಿ, ಬೋರ್ಡ್ ಹಾಕ್ಸೋಕ್ ಮುಂಚೆ, ಇಲ್ಲಿ ಹಾಲಿನ್ ಕ್ಯಾನ್ ತೊಳೆಯೋವಾಗ ಕೈ ಜುಂ ಅಂತಿತ್ತು. ನರದ್ ಕಾಯ್ಲೆ ಅಂದ್ಕಂಡಿದ್ದೆ."

"ಒಂದ್ ದಿನಾನೂ ಯೋಳ್ನಿಲ್ವಲ್ಲೇ!"

"ಯೋಳಿದ್ರೆ ಮುಲಾಮ್ ಅಚ್ಕೋ ಅಂತಿದ್ರಿ."

ಜಯಪ್ರಕಾಶ್ ಕುಕ್ಕರುಗಾಲಿನಲ್ಲಿ ಕೂತು ಪೈಪಿಗೆ ಸುತ್ತಿದ್ದ ತಂತಿಯನ್ನು ತಾವೇ ಬಿಚ್ಚತೊಡಗಿದರು. ತುಕ್ಕಿಗೆ ಅಂಟಿಕೊಂಡಿತ್ತು. ಸಿದ್ದೇಶ ಜೇಬಿನಿಂದ ಇಕ್ಕಳ ತೆಗೆದು ಅವರ ಕೈಗಿತ್ತ.

ಬೋರ್ಡಿನಿಂದ ಕೊಟ್ಟಿಗೆಯವರೆಗೆ ನ್ಯೂಟ್ರಲ್ ಎಳೆಯುವಾಗ ಏಣಿ ಹಿಡಿದುಕೊಂಡವನೂ ಸಿದ್ದೇಶನೇ. ನಡುವೆ ಒಮ್ಮೆ ಕೆಳಗಿನಿಂದ ಕೇಳಿದ: "ಶಶಕ್ಕ, ನಮ್ಮನೇದೂ ಒಂದ್ ದಪ ನೋಡ್ತೀಯಾ?"

"ನೋಡ್ತೀನಿ. ಏಣಿ ನಿಂದೇ."

ಕೆಲಸ ಮುಗಿದಾಗ ಇನ್ನೂ ಸಂಜೆಯ ಬೆಳಕಿತ್ತು. ಮೇನ್ ಎತ್ತಿದಳು. ಕೊಟ್ಟಿಗೆಯ ಬಲ್ಬು ಹಾಕಿಸಿದಳು, ಹಿತ್ತಿಲ ಬಾಗಿಲಲ್ಲಿ ಆರಿಸಿದಳು, ಮತ್ತೆ ಹಾಕಿದಳು. ಬ್ರೇಕರು ಅಲುಗಲಿಲ್ಲ. ಯಶೋದಮ್ಮ ಬೆಳಗಿನ ಉದ್ದು ಹುಳಿಯಾಗುವ ಮೊದಲು ಮನೆಗಾದರೂ ವಡೆಯಾಗಲಿ ಎಂದು ಗ್ರೈಂಡರಿಗೆ ಸುರಿದರು. ಬಲ್ಬು ಉರಿಯುತ್ತಿರುವಾಗಲೇ ಕಲ್ಲು ತಿರುಗಿತು.

"ಬ್ರೇಕರ್ ತೆಗ್ಸೋ ಮಾತಿಲ್ಲ, ಬುಡು. ನಾಳಿಕ್ಕೆ ರೈಲ್ಗೆ ಹಿಟ್ ಕಳುಸ್ತೀನಿ ಅಂತ ಹೋಟ್ಲೋನ್ಗೆ ಯೋಳ್ತೀನಿ" ಎಂದು ಯಶೋದಮ್ಮ ಫೋನು ಹುಡುಕಲು ಹೋದರು.

ಶಶಿರೇಖಾ ಜಯಪ್ರಕಾಶ್‌ರನ್ನು ಬೋರ್ಡಿನ ಹತ್ತಿರ ಕರೆದು ಆರ್‌ಸಿಸಿಬಿಯ ಮೇಲಿನ ಚಿಕ್ಕ ಗುಂಡಿ ತೋರಿಸಿದಳು. "ತಿಂಗ್ಳಿಗೊಂದ್ ದಪ ಇದನ್ನ ಒತ್ಬೇಕು ಕಣಣ್ಣ. ಬಿದ್ರೆ ಬ್ರೇಕರ್ ಚೆನ್ನಾಗದೆ ಅಂತ. ಬೀಳ್ದಿದ್ರೆ ನಂಗೆ ಫೋನ್ ಮಾಡಿ."

"ಇದಾ?" ಎಂದು ಜಯಪ್ರಕಾಶ್ ಒತ್ತಿಯೇಬಿಟ್ಟರು.

ಟಪ್ ಎಂದಿತು. ಗ್ರೈಂಡರು ನಿಂತಿತು.

"ಅದ್ಯಾವನ್ಲಾ ಅವ್ನು!" ಅಡುಗೆಮನೆಯಿಂದ ಯಶೋದಮ್ಮ ಕೂಗಿದರು. "ಅರ್ಧ ರುಬ್ಬಿವ್ನಿ!"

"ನಾನೇ ಕಣೇ. ಚೆನ್ನಾಗದೆ ಬ್ರೇಕರು" ಎಂದು ಜಯಪ್ರಕಾಶ್ ಅದರ ಹಿಡಿಯನ್ನು ಮೇಲಕ್ಕೆ ಎತ್ತಿದರು. ಒಳಗೆ ಕಲ್ಲು ಮತ್ತೆ ತಿರುಗತೊಡಗಿತು.